ಎಐ ಏಜೆಂಟ್‌ಗೆ ಟೂಲ್ ಪರಿಚಯಿಸುವುದು ಹೇಗೆ?

‘ನಾಳೆ ಬೆಳಿಗ್ಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಯಾವ ರೈಲಿದೆ?’ ಎಂದು ಬಳಕೆದಾರರು ಎಐ ಏಜೆಂಟನ್ನು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಏಜೆಂಟ್ ಕೈಯಲ್ಲಿ ರೈಲು ಹುಡುಕುವ ಟೂಲ್ ಇದೆ. ಆದರೆ ಅದರ ವಿವರಣೆ ಒಂದೇ ಸಾಲು: ‘ರೈಲುಗಳ ಮಾಹಿತಿ ಕೊಡುತ್ತದೆ.’ ಹೊರಡುವ ಸ್ಥಳದ ಜಾಗದಲ್ಲಿ ಊರಿನ ಹೆಸರು ತುಂಬಬೇಕೋ, ನಿಲ್ದಾಣದ ಕೋಡೋ? ಕೋಡ್ ಆದರೆ ಮೆಜೆಸ್ಟಿಕ್ ಪಕ್ಕದ ಕೆಎಸ್‌ಆರ್ ನಿಲ್ದಾಣದ ಎಸ್‌ಬಿಸಿಯೋ, ಯಶವಂತಪುರದ ವೈಪಿಆರೋ? ಕೆಲಸಕ್ಕೆ ಹೊಸದಾಗಿ ಸೇರಿದ ಎಂಜಿನಿಯರ್ ಆದರೆ ಪಕ್ಕದವರನ್ನು ಕೇಳಿ ತಿಳಿದುಕೊಂಡಾರು. ಏಜೆಂಟ್ ಬಹಳ ಸಲ ಕೇಳದೆ ಊಹಿಸಿಬಿಡುತ್ತದೆ.

ಅದು ಊಹಿಸುವುದಕ್ಕೆ ಕಾರಣವಿದೆ. ಟೂಲಿನ ಒಳಗಿನ ಕೋಡ್ ಸಾಮಾನ್ಯವಾಗಿ ಏಜೆಂಟನ್ನು ನಡೆಸುವ ಭಾಷಾ ಮಾದರಿಗೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಟೂಲಿನ ಹೆಸರು, ವಿವರಣೆ ಮತ್ತು ತುಂಬಬೇಕಾದ ಮಾಹಿತಿಯ ಪಟ್ಟಿ (ಸ್ಕೀಮಾ) ಮಾತ್ರ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಎಪಿಐಗೆ ಟೂಲ್ ಕರೆಯುವ ‘ಫಂಕ್ಷನ್ ಕಾಲಿಂಗ್’ ಸೌಲಭ್ಯ ಸೇರಿಸಿದಾಗಲೂ, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಮಾದರಿಗಳಿಗೆ ಟೂಲ್ ಜೋಡಿಸುವ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ (ಎಂಸಿಪಿ) ಬಿಡುಗಡೆ ಮಾಡಿದಾಗಲೂ ಈ ಮೂಲ ವ್ಯವಸ್ಥೆ ಬದಲಾಗಲಿಲ್ಲ. ಹಾಗಾಗಿ ವಿವರಣೆಯನ್ನು ಕೋಡಿನಷ್ಟೇ ಶ್ರದ್ಧೆಯಿಂದ ಬರೆಯಬೇಕು.

ಮೊದಲು ಹೆಸರು. ‘ಗೆಟ್ ಡೇಟಾ’ ಎಂದರೆ ಏನೂ ತಿಳಿಯದು. ‘ಸರ್ಚ್ ಟ್ರೇನ್ಸ್’ ಎಂದರೆ ಕೆಲಸ ಸ್ಪಷ್ಟ. ತುಂಬಬೇಕಾದ ಮಾಹಿತಿಯ ಹೆಸರುಗಳಿಗೂ ಇದೇ ಮಾತು. ‘ಯೂಸರ್’ ಎಂದಷ್ಟೇ ಇದ್ದರೆ ವ್ಯಕ್ತಿಯ ಹೆಸರೋ, ಸಂಖ್ಯೆಯೋ ಎಂಬ ಗೊಂದಲ. ‘ಯೂಸರ್ ಐಡಿ’ ಎಂದರೆ ಗೊಂದಲವಿಲ್ಲ.

ನಂತರ ವಿವರಣೆ. ಮೂರ್ನಾಲ್ಕು ವಾಕ್ಯಗಳಾದರೂ ಬೇಕು. ಹೀಗೆ ಬರೆಯಬಹುದು: ‘ಎರಡು ನಿಲ್ದಾಣಗಳ ನಡುವೆ ನಿರ್ದಿಷ್ಟ ದಿನ ಓಡುವ ರೈಲುಗಳನ್ನು ವೇಳಾಪಟ್ಟಿಯಿಂದ ತೆಗೆದು ಕೊಡುತ್ತದೆ. ನಿಲ್ದಾಣದ ಕೋಡ್ ಗೊತ್ತಿಲ್ಲದಿದ್ದರೆ ಮೊದಲು ನಿಲ್ದಾಣ ಹುಡುಕುವ ಟೂಲ್ ಬಳಸಿ. ಸೀಟು ಖಾಲಿ ಇದೆಯೇ, ರೈಲು ತಡವಾಗಿದೆಯೇ ಎಂಬುದು ಇದರಿಂದ ತಿಳಿಯುವುದಿಲ್ಲ.’ ಕೊನೆಯ ವಾಕ್ಯವನ್ನು ಬಹಳಷ್ಟು ಮಂದಿ ಬಿಟ್ಟುಬಿಡುತ್ತಾರೆ. ಆದರೆ ಏಜೆಂಟ್ ತಪ್ಪು ಟೂಲಿಗೆ ಕೈಹಾಕದಂತೆ ತಡೆಯುವುದು ಅದೇ. ಕನ್ನಡದ ಬಳಕೆದಾರರಿಗಾಗಿ ಇನ್ನೊಂದು ಸಾಲು ಸೇರಿಸಬೇಕು: ‘ಹುಬ್ಬಳ್ಳಿ’ ಎಂದು ಕನ್ನಡ ಲಿಪಿಯಲ್ಲಿ ಕೊಟ್ಟರೆ ಟೂಲ್ ಒಪ್ಪುತ್ತದೆಯೇ, ಇಲ್ಲವೇ?

ಅತಿ ಹೆಚ್ಚು ಎಡವಟ್ಟಾಗುವುದು ತುಂಬಬೇಕಾದ ಮಾಹಿತಿಯ ವಿಷಯದಲ್ಲಿ. 03/04/2026 ಎಂದರೆ ಭಾರತದಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ‘ವರ್ಷ-ತಿಂಗಳು-ದಿನ, ಉದಾಹರಣೆಗೆ 2026-04-03’ ಎಂದು ಮಾದರಿ ಸಮೇತ ಬರೆದರೆ ಸಮಸ್ಯೆ ಮುಗಿಯಿತು. ರೈಲಿನ ದರ್ಜೆಯಂತೆ ಆಯ್ಕೆಗಳು ಸೀಮಿತವಾಗಿದ್ದರೆ ಅವನ್ನು ಸ್ಕೀಮಾದಲ್ಲೇ ಪಟ್ಟಿ ಮಾಡಬೇಕು: ಎಸ್‌ಎಲ್, 3ಎ, 2ಎ, 1ಎ. ಯಾವುದು ಕಡ್ಡಾಯ, ಯಾವುದನ್ನು ಬಿಡಬಹುದು, ಬಿಟ್ಟರೆ ಏನಾಗುತ್ತದೆ ಎಂಬುದೂ ಅಲ್ಲೇ ಇರಬೇಕು.

ಮಾತಿನಲ್ಲಿ ಎಚ್ಚರಿಸುವುದಕ್ಕಿಂತ ತಪ್ಪಿಗೆ ಅವಕಾಶವನ್ನೇ ಕೊಡದಿರುವುದು ಇನ್ನೂ ಒಳ್ಳೆಯದು. ಆಂಥ್ರೊಪಿಕ್ 2024ರ ಡಿಸೆಂಬರ್‌ನಲ್ಲಿ ಹಂಚಿಕೊಂಡ ಅನುಭವ ಇದಕ್ಕೆ ಸಾಕ್ಷಿ. ಅಲ್ಲಿನ ಕೋಡಿಂಗ್ ಏಜೆಂಟ್ ಮೂಲ ಫೋಲ್ಡರ್ ಬಿಟ್ಟು ಹೊರಬಂದ ಮೇಲೆ, ಆಗಿನ ಫೋಲ್ಡರನ್ನು ಆಧರಿಸಿದ ಅರೆ ವಿಳಾಸ ಕೊಟ್ಟು ತಪ್ಪು ಮಾಡುತ್ತಿತ್ತು. ಫೈಲಿನ ಪೂರ್ಣ ವಿಳಾಸವನ್ನೇ ಕೊಡಬೇಕು ಎಂದು ಟೂಲನ್ನು ಬದಲಿಸಿದ ಮೇಲೆ ಆ ತಪ್ಪು ನಿಂತಿತು. ಆ ಕೆಲಸದಲ್ಲಿ ಒಟ್ಟಾರೆ ಪ್ರಾಂಪ್ಟ್‌ಗಿಂತ ಟೂಲ್‌ಗಳನ್ನು ತಿದ್ದುವುದಕ್ಕೇ ಹೆಚ್ಚು ಸಮಯ ಹಿಡಿಯಿತೆಂದು ಕಂಪನಿ ಹೇಳಿಕೊಂಡಿದೆ.

ಎರರ್ ಸಂದೇಶವೂ ಟೂಲಿನ ವಿವರಣೆಯ ಭಾಗವೇ. ‘ಎರರ್ 400’ ಎಂದರೆ ಏಜೆಂಟ್ ಅದೇ ತಪ್ಪನ್ನು ಮತ್ತೆ ಮಾಡಬಹುದು. ‘ಬೆಂಗಳೂರು ಎಂಬುದು ನಿಲ್ದಾಣದ ಕೋಡ್ ಅಲ್ಲ, ಎಸ್‌ಬಿಸಿ ಅಥವಾ ವೈಪಿಆರ್‌ನಂಥ ಕೋಡ್ ಕೊಡಿ’ ಎಂದರೆ ಮುಂದಿನ ಕರೆಯಲ್ಲೇ ತಿದ್ದಿಕೊಳ್ಳಬಹುದು.

ಟಿಕೆಟ್ ರದ್ದು ಮಾಡುವಂಥ, ಹಿಂದಕ್ಕೆ ಪಡೆಯಲಾಗದ ಕೆಲಸವಾದರೆ ಹಾಗೆಂದು ನೇರವಾಗಿ ಬರೆಯಬೇಕು. ಟೂಲ್ ಬರೀ ಓದುತ್ತದೆಯೇ, ಏನನ್ನಾದರೂ ಅಳಿಸುತ್ತದೆಯೇ ಎಂದು ಗುರುತಿಸಲು ಎಂಸಿಪಿಯಲ್ಲಿ ‘ರೀಡ್ ಓನ್ಲಿ ಹಿಂಟ್’, ‘ಡಿಸ್ಟ್ರಕ್ಟಿವ್ ಹಿಂಟ್’ ಎಂಬ ಗುರುತುಗಳಿವೆ. ಅವು ಸೂಚನೆಗಳೇ ಹೊರತು ಬೀಗವಲ್ಲ. ಬಳಕೆದಾರರ ಒಪ್ಪಿಗೆ ಇಲ್ಲದೆ ಕೆಲಸ ಮುಂದುವರಿಯದಂತೆ ಕೋಡಿನಲ್ಲೇ ತಡೆ ಇರಬೇಕು. ಇದರಲ್ಲಿ ರಾಜಿ ಸಲ್ಲದು.

ಬರೆದ ಮೇಲೆ ಪರೀಕ್ಷೆ. ಬಳಕೆದಾರರು ನಿಜವಾಗಿ ಕೇಳುವಂಥ ಹತ್ತಿಪ್ಪತ್ತು ಪ್ರಶ್ನೆಗಳನ್ನು ಏಜೆಂಟಿಗೆ ಕೊಟ್ಟು, ಅದು ಯಾವ ಟೂಲ್ ಆರಿಸಿತು, ಏನು ತುಂಬಿತು ಎಂಬ ಲಾಗನ್ನು ಸಾಲುಸಾಲಾಗಿ ಓದಬೇಕು. ಉತ್ತರ ಸರಿಬಂದರೂ ಲಾಗ್ ಓದುವುದನ್ನು ಬಿಡಬಾರದು. ಆಂಥ್ರೊಪಿಕ್‌ನ ಭಾಷಾ ಮಾದರಿ ಕ್ಲಾಡ್‌ಗೆ ವೆಬ್ ಸರ್ಚ್ ಟೂಲ್ ಕೊಟ್ಟಾಗ, ಅದು ಹುಡುಕುವ ಪದಗಳಿಗೆ ವಿನಾಕಾರಣ ‘2025’ ಸೇರಿಸಿ ಫಲಿತಾಂಶ ಕೆಡಿಸುತ್ತಿದ್ದುದು ಹೀಗೆ ಗಮನಿಸಿದಾಗಲೇ ಕಂಡದ್ದು. ಟೂಲಿನ ವಿವರಣೆ ತಿದ್ದಿ ಅದನ್ನು ದಾರಿಗೆ ತಂದರು.