ತಾನೇ ತಿರುಗುವ ಚಕ್ರ: ಒಂದು ಲೆಕ್ಕ ತಪಾಸಣೆ

ನಾನು ವಾಣಿಜ್ಯದ ವಿದ್ಯಾರ್ಥಿ. ಕನ್ನಡ ಶಾಲೆಯಲ್ಲಿ 'ಅಯಸ್ಕಾಂತ' ಎಂದು ಕಲಿತದ್ದನ್ನು ಬಿಟ್ಟರೆ ಈ ವಿಷಯದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೂ ಬರೆಯುತ್ತಿರುವುದಕ್ಕೆ ಕಾರಣ ನಮ್ಮ ಕಾಕಾ. ಅವರದು ಹಿಟ್ಟಿನ ಗಿರಣಿ. ಲೈಟ್ ಬಿಲ್ಲು ಬಂದ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಹೋದ ಮಳೆಗಾಲದಲ್ಲಿ ಒಬ್ಬ ಗೃಹಸ್ಥ ಬಂದು, ಕರೆಂಟಿಲ್ಲದೆ ಬರೀ ಅಯಸ್ಕಾಂತದ ಬಲದಿಂದ ತಿರುಗುವ ಮೋಟಾರು ಮಾಡಿಕೊಡುತ್ತೇನೆ, 25,000 ರೂಪಾಯಿ, ಮುಂಗಡ 5,000 ಎಂದ. ಅಂಗೈಯಷ್ಟು ದೊಡ್ಡ ಫ್ಯಾನೊಂದನ್ನು ತೋರಿಸಿದ. ಅಯಸ್ಕಾಂತ ಹತ್ತಿರ ತಂದರೆ ಫ್ಯಾನು ಗರಗರ! ಕಾಕಾ ಮುಂಗಡ ಕೊಟ್ಟೇಬಿಟ್ಟರು. "ನೀ ಕಾಲೇಜ್ ಕಲಿಯಾಂವ, ಉಳಿದ ರೊಕ್ಕ ಕೊಡ್ಲ್ಯೋ ಬ್ಯಾಡೋ ನೀನ ಹೇಳು" ಎಂದು ಆಮೇಲೆ ನನ್ನ ತಲೆಗೆ ಕಟ್ಟಿದರು.

ಈ ಆಸೆ ಹೊಸದಲ್ಲ. ಭಾಸ್ಕರಾಚಾರ್ಯರು 1150ರ 'ಸಿದ್ಧಾಂತ ಶಿರೋಮಣಿ'ಯಲ್ಲಿ ಪಾದರಸ ತುಂಬಿದ ಅರಗಳುಳ್ಳ, ತಾನೇ ತಿರುಗುವ ಚಕ್ರವನ್ನು ವರ್ಣಿಸಿದ್ದಾರೆ. (ಅವರು ನಮ್ಮ ವಿಜಾಪುರದವರೆಂದು ಕಾಕಾಗೆ ಹೆಮ್ಮೆ, ಖಾನದೇಶದವರೆಂದು ನನ್ನ ಮರಾಠಿ ಗೆಳೆಯನ ವಾದ. ಆ ಜಗಳ ಇಲ್ಲಿ ಬೇಡ.) ಚಕ್ರಕ್ಕೆ ಅಯಸ್ಕಾಂತ ಹೂಡುವ ಯೋಚನೆ ಫ್ರಾನ್ಸಿನ ಪೀಟರ್ ಪೆರೆಗ್ರಿನಸ್ 1269ರಲ್ಲಿ ಬರೆದ ಪತ್ರದಲ್ಲಿದೆ. 1648ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ ಇನ್ನೊಂದನ್ನು ವಿವರಿಸಿದ. ಇಳಿಜಾರಿನ ಮೇಲ್ತುದಿಯಲ್ಲಿ ಅಯಸ್ಕಾಂತ, ಅದು ಕಬ್ಬಿಣದ ಗುಂಡನ್ನು ಮೇಲಕ್ಕೆಳೆಯಬೇಕು, ತುದಿಯ ಹತ್ತಿರದ ತೂತಿನಲ್ಲಿ ಗುಂಡು ಬಿದ್ದು ಕೆಳದಾರಿಯಿಂದ ಮೊದಲಿನ ಜಾಗಕ್ಕೆ ಬರಬೇಕು, ಮತ್ತೆ ಮೇಲಕ್ಕೆ. ಇದು ನಡೆಯದು ಎಂದೂ ಅವನೇ ಹೇಳಿದ. ಮೇಲಕ್ಕೆಳೆಯುವಷ್ಟು ಬಲವುಳ್ಳ ಅಯಸ್ಕಾಂತ ಗುಂಡನ್ನು ತೂತಿಗೆ ಬೀಳಲು ಏಕೆ ಬಿಟ್ಟೀತು?

ಓದಿ ಸುಮ್ಮನಿರಬಹುದಿತ್ತು. ಆದರೆ ಕಾಕಾ ಪುಸ್ತಕ ನಂಬುವವರಲ್ಲ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹದಿನೆಂಟು ಅಯಸ್ಕಾಂತ ಕೊಂಡೆ. ಬೇರಿಂಗಿನ ಗುಂಡುಗಳನ್ನು ಸೈಕಲ್ ಅಂಗಡಿಯವ ಸುಮ್ಮನೆ ಕೊಟ್ಟ.

ಮೊದಲು ವಿಲ್ಕಿನ್ಸನ ಇಳಿಜಾರು. ಗುಂಡು ಚೆನ್ನಾಗಿಯೇ ಏರಿತು. ಕಾಕೂ ಚಪ್ಪಾಳೆ ತಟ್ಟಿದರು. ಆದರೆ ತುದಿಗೆ ಹೋಗಿ ಅಯಸ್ಕಾಂತಕ್ಕೆ ಅಂಟಿ ಕೂತಿತು. ತೂತು ಹಿಂದಕ್ಕೆ ಸರಿಸಿದರೆ ಅದರ ಮೇಲೆಯೇ ದಾಟಿ ಹೋಯಿತು. ಅಯಸ್ಕಾಂತ ದೂರ ಇಟ್ಟರೆ ಗುಂಡು ತೂತಿಗೆ ಬೀಳುತ್ತದೆ ನಿಜ, ಆದರೆ ಆಗ ಕೆಳಗಿನಿಂದ ಏರಲೊಲ್ಲದು. ನಾಲ್ಕು ರಾತ್ರಿ ಹೀಗೇ ಹೋದವು.

ನಂತರ ಚಕ್ರ. ಬೇರಿಂಗಿನ ಮೇಲೆ ಮರದ ತಟ್ಟೆ, ಅದರ ಅಂಚಿಗೆ ಎಂಟು ಅಯಸ್ಕಾಂತ ಓರೆಯಾಗಿ, ಸುತ್ತಲಿನ ಚೌಕಟ್ಟಿಗೆ ಎಂಟು. ನೂಕುವ ಕೈ ಒಮ್ಮೆ ಜೋರು ಒಮ್ಮೆ ಮೆಲ್ಲಗೆ ಆಗಬಾರದಲ್ಲ? ಅದಕ್ಕೆ ದಾರಕ್ಕೆ ಗಿರಣಿಯ 200 ಗ್ರಾಮಿನ ತೂಕದ ಕಲ್ಲು ಕಟ್ಟಿ, ಪ್ರತಿ ಸಲ ಒಂದೇ ಎತ್ತರದಿಂದ ಬಿಟ್ಟೆ. ಚಕ್ರ 38 ಸೆಕೆಂಡು ತಿರುಗಿ, ತೊಟ್ಟಿಲಿನಂತೆ ಹಿಂದೆ ಮುಂದೆ ಆಡಿ ನಿಂತಿತು. ಆಮೇಲೆ ತಟ್ಟೆಯ ಭಾರ ಬದಲಾಗದಂತೆ ಅದರ ಮೇಲಿನವನ್ನು ಹಾಗೇ ಬಿಟ್ಟು, ಚೌಕಟ್ಟಿನ ಎಂಟನ್ನಷ್ಟೇ ಕಿತ್ತೆ. 71 ಸೆಕೆಂಡು! ಹತ್ತು ಸಲ ಮಾಡಿದೆ. ಹತ್ತು ಸಲವೂ ಕಿತ್ತ ಮೇಲೆಯೇ ಹೆಚ್ಚು ಹೊತ್ತು. ತಿರುಗಿಸಲೆಂದು ಇಟ್ಟದ್ದೇ ತಡೆಯುತ್ತಿತ್ತು.

ಏಕೆ? ಇಲ್ಲಿ ನಮ್ಮ ಜಮಾ-ಖರ್ಚೇ ಸಾಕು. ಹತ್ತಿರ ಬರುವಾಗ ಅಯಸ್ಕಾಂತ ಎಳೆದು ವೇಗ ಕೊಡುತ್ತದೆ: ಜಮಾ. ದಾಟಿ ಹೋಗುವಾಗ ಹಿಂದಕ್ಕೆಳೆದು ಅಷ್ಟನ್ನೂ ಕಿತ್ತುಕೊಳ್ಳುತ್ತದೆ: ಖರ್ಚು. ಒಂದು ಸುತ್ತು ಮುಗಿದಾಗ ಶಿಲ್ಕು ಸೊನ್ನೆ. ಓರೆಯಾಗಿಡಿ, ತಗಡು ಮುಚ್ಚಿ, ಜಮೆಯ ಜಾಗ ಬದಲಾದೀತೇ ಹೊರತು ಮೊತ್ತ ಬದಲಾಗದು. ಮೇಲಾಗಿ ಘರ್ಷಣೆ ಮತ್ತು ಗಾಳಿ ಪ್ರತಿ ಸುತ್ತಿಗೂ ದಲಾಲಿ ವಸೂಲು ಮಾಡುತ್ತವೆ. ಗಿರಣಿಯ ಮೋಟಾರನ್ನು ತಿರುಗಿಸುವುದೂ ಕಾಂತಬಲವೇ. ಆದರೆ ಅಲ್ಲಿ ಕರೆಂಟು ಕಾಂತಕ್ಷೇತ್ರವನ್ನೇ ಸುತ್ತುವಂತೆ ಮಾಡುತ್ತಿರುತ್ತದೆ. ಅದರ ಕೂಲಿಯೇ ಲೈಟ್ ಬಿಲ್ಲು.

ಕಾಕಾ ಒಪ್ಪಲಿಲ್ಲ. "ಕಪಾಟಿಗೆ ಹಚ್ಚಿದ ಅಯಸ್ಕಾಂತ ವರ್ಷಾನಗಟ್ಲೆ ಬೀಳೂದಿಲ್ಲ. ಅದಕ್ಕ ಶಕ್ತಿ ಎಲ್ಲಿಂದ ಬರ್ತದ?" ಮೂರು ದಿನ ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಗೋಡೆಯ ಮೊಳೆ ತೋರಿಸಿದೆ. ಅದೂ ಕ್ಯಾಲೆಂಡರ್ ಹೊತ್ತು ನಿಂತಿದೆ, ದಣಿದಿಲ್ಲ. ಹಿಡಿದು ನಿಲ್ಲುವುದಕ್ಕೆ ಶಕ್ತಿ ಖರ್ಚಾಗದು. ಎತ್ತುವುದಕ್ಕೆ, ಬೀಸುವುದಕ್ಕೆ ಆಗುತ್ತದೆ. ಬಲ ಬೇರೆ, ಶಕ್ತಿ ಬೇರೆ. ಕಾಕಾ ಮೊಳೆಯನ್ನು ಬಹಳ ಹೊತ್ತು ನೋಡಿದರು.

'ಅಮೇರಿಕದಲ್ಲಿ ಪೇಟೆಂಟ್ ಇದೆ' ಎಂದು ಆ ಗೃಹಸ್ಥ ಹೇಳಿದ್ದ. ಅದು ಸುಳ್ಳಲ್ಲ. 1979ರಲ್ಲಿ ಹೋವರ್ಡ್ ಜಾನ್ಸನ್ ಎಂಬಾತನಿಗೆ ಇಂಥ ಮೋಟಾರಿನ ಪೇಟೆಂಟ್ ಸಿಕ್ಕಿದೆ. ಆದರೆ ಪೇಟೆಂಟ್ ಎಂದರೆ ಯಂತ್ರ ನಡೆಯುತ್ತದೆಂಬ ಸರ್ಟಿಫಿಕೇಟಲ್ಲ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ಇಂಥ ಯಂತ್ರಗಳನ್ನು ಇನ್ನು ಪರೀಕ್ಷಿಸುವುದಿಲ್ಲ ಎಂದು ಠರಾಯಿಸಿತು. ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೆಯ ಕಲಮು, ನಿಸರ್ಗ ನಿಯಮಕ್ಕೆ ಸ್ಪಷ್ಟವಾಗಿ ವಿರುದ್ಧವಾದದ್ದನ್ನು ಶೋಧವೆಂದೇ ಒಪ್ಪುವುದಿಲ್ಲ.

ಇನ್ನು ಆ ಪುಟ್ಟ ಫ್ಯಾನು. ವಿಜ್ಞಾನ ಶಾಖೆಯ ಗೆಳೆಯನೊಬ್ಬ ಅಂಥದೇ ಮಾಡಿ ತೋರಿಸಿದ. ಲೇಬಲ್ಲಿನ ಅಡಿಯಲ್ಲಿ ಗುಂಡಿಯಂಥ ಸೆಲ್ಲು, ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸಣ್ಣ ಸ್ವಿಚ್ಚು. ಗೃಹಸ್ಥನ ಫ್ಯಾನಿನಲ್ಲಿ ಏನಿತ್ತೋ, ಬಿಚ್ಚಿ ನೋಡಲು ಕೇಳಿದಾಗ ಆತ ಕೊಡಲಿಲ್ಲ. ಕಾಕಾ ಅಂದರು: "ನಮ್ಮ ಗಿರಣ್ಯಾಗ ಒಂದು ದಿನ ಜೋಳ ಬೀಸಿ ತೋರ್ಸ್ರಿ. ಅಲ್ಲೇ ರೊಕ್ಕ ಎಣಸ್ತೀನಿ." ತರುತ್ತೇನೆಂದು ಹೋದವ ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ.

ವರ್ಷದ ಲೆಕ್ಕ ಬರೆಯುವಾಗ ಆ 5,000ವನ್ನು ಮುಳುಗಿದ ಸಾಲದ ಖಾತೆಗೆ ಹಾಕೋಣ ಎಂದೆ. ಕಾಕಾ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ತಾವೇ 'ಬರತಕ್ಕ ಬಾಕಿ' ಎಂದು ಬರೆದರು.