ಓಮ್‌ನ ನಿಯಮದಿಂದ ಕಂಬದವರೆಗೆ: ಒಂದು ಪ್ರಶ್ನೆ ಬದಲಿಸಿದ ಪಾಠ

ಬೋಧನಾಭ್ಯಾಸದ ಮೂರನೇ ವಾರ. ಹುಬ್ಬಳ್ಳಿ ಸಮೀಪದ ಪ್ರೌಢಶಾಲೆಯೊಂದರ ಹತ್ತನೇ ತರಗತಿಗೆ ‘ವಿದ್ಯುಚ್ಛಕ್ತಿ’ ಘಟಕ ಬೋಧಿಸುತ್ತಿದ್ದೆ. ಓಮ್‌ನ ನಿಯಮ, ಜೂಲ್‌ನ ಉಷ್ಣೋತ್ಪಾದನಾ ನಿಯಮ ಎರಡೂ ಯೋಜನೆಯಂತೆಯೇ ಮುಗಿದಿದ್ದವು. ಕೊನೆಗೆ, ಅಲ್ಲಿಯವರೆಗೆ ಒಮ್ಮೆಯೂ ಕೈಯೆತ್ತದ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ.

“ಸರ್, ನಮ್ಮಣ್ಣ ಎಲೆಕ್ಟ್ರಿಷಿಯನ್ ಐಟಿಐ ಮುಗಿಸ್ಯಾನ್ರೀ. ಲೈನ್‌ಮನ್ ಕೆಲಸ ಕಲಿಯಾಕ ಎಲ್ಲಿ ಹೋಗಬೇಕ್ರೀ?”

ಬಿ.ಎಸ್ಸಿ. ಓದಿ ಬಂದ ನನಗೆ ಆ ದಾರಿ ಗೊತ್ತಿರಲಿಲ್ಲ. “ಡಿಪ್ಲೊಮಾ ಮಾಡಿದರೆ ಒಳ್ಳೆಯದು” ಎಂದು ಜಾರಿಕೊಂಡೆ. ಹುಡುಗ ಕುಳಿತ. ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದರು: “ವಿದ್ಯಾರ್ಥಿಯ ಪ್ರಶ್ನೆ ಹಾಗೆಯೇ ಉಳಿಯಿತು.”

ಸಿದ್ಧತೆ

ಎರಡು ದಿನ ಸಂಜೆ ಅಲೆದೆ. ಸರ್ಕಾರಿ ಐಟಿಐನ ತರಬೇತಿ ಅಧಿಕಾರಿಯೊಬ್ಬರನ್ನೂ ನಮ್ಮೂರಿನ ಲೈನ್‌ಮನ್ ಒಬ್ಬರನ್ನೂ ಕಂಡು ಕೇಳಿದೆ. ಮುಂದಿನ ಅವಧಿಗೆ ಹೊಸ ಪಾಠಯೋಜನೆ ಬರೆದೆ. ಉದ್ದೇಶಗಳು ಎರಡೇ: ವಿದ್ಯುತ್ತನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಸಾಗಿಸುವ ಕಾರಣ ವಿವರಿಸುವುದು; ಆ ತಂತಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರುವ ಹಂತಗಳನ್ನು ಕ್ರಮವಾಗಿ ಹೇಳುವುದು.

ಬೋಧನೆಯ ಹಂತಗಳು

ಪೀಠಿಕೆಯಾಗಿ ಎಲ್ಲರನ್ನೂ ಶಾಲೆಯ ಗೇಟಿನ ಬಳಿಗೆ ಕರೆದೊಯ್ದು, ದೂರದಿಂದಲೇ ಟಿ.ಸಿ. ತೋರಿಸಿದೆ. ಮೇಲಿನ ತಂತಿಯಲ್ಲಿ 11,000 ವೋಲ್ಟ್, ಮನೆಗೆ ಬರುವುದು 220 ವೋಲ್ಟ್. ತರಗತಿಗೆ ಮರಳಿ ಲೆಕ್ಕ ಮಾಡಿದೆವು. 2,200 ವಾಟ್ ಸಾಗಿಸಲು 220 ವೋಲ್ಟಿನಲ್ಲಿ 10 ಆಂಪಿಯರ್ ಬೇಕು; 11,000 ವೋಲ್ಟಿನಲ್ಲಿ 0.2 ಆಂಪಿಯರ್ ಸಾಕು. ಪ್ರವಾಹ 50 ಪಟ್ಟು ಕಡಿಮೆ. ಅದೇ ತಂತಿಯಲ್ಲಿ ಉಷ್ಣವಾಗಿ ನಷ್ಟವಾಗುವ ಶಕ್ತಿ 2,500 ಪಟ್ಟು ಕಡಿಮೆ. ವರ್ಗ ಯಾಕೆ ಬಂತೆಂದು ಮಕ್ಕಳೇ ಹೇಳಿದರು.

“ಹಾಗಾದರೆ ಆ ತಂತಿ ಮುಟ್ಟುವವರು ಮೊದಲು ಏನು ಮಾಡಬೇಕು?” ಎಂದು ಕೇಳಿದೆ. ಲೈನ್‌ಮನ್ ಹೇಳಿಕೊಟ್ಟಿದ್ದನ್ನು ಹಲಗೆಯ ಮೇಲೆ ಬರೆದೆ: ಎಲ್‌.ಸಿ. ಅಂದರೆ ಲೈನ್ ಕ್ಲಿಯರ್ ಪಡೆಯಬೇಕು, ಸಪ್ಲೈ ಬಂದಾಗಿದೆ ಎಂದು ಪರೀಕ್ಷಿಸಬೇಕು, ತಂತಿಯನ್ನು ಭೂಮಿಗೆ ಜೋಡಿಸಬೇಕು, ಆಮೇಲೆಯೇ ಹತ್ತಬೇಕು. ಇದನ್ನು ಕೈಯಾರೆ ಕಲಿಯುವ ಅವಧಿಯೇ ಅಪ್ರೆಂಟಿಸ್‌ಶಿಪ್.

ಬಳಿಕ ದಾರಿಯನ್ನು ಮೆಟ್ಟಿಲುಗಳಾಗಿ ಬರೆದೆ.

1. ವಿಜ್ಞಾನ, ಗಣಿತ ಸಹಿತ ಎಸ್‌ಎಸ್‌ಎಲ್‌ಸಿ ಪಾಸಾಗಿ, ಎರಡು ವರ್ಷದ ಎಲೆಕ್ಟ್ರಿಷಿಯನ್ ಐಟಿಐ.

2. ಕೇಂದ್ರ ಸರ್ಕಾರದ ‘ಅಪ್ರೆಂಟಿಸ್‌ಶಿಪ್ ಇಂಡಿಯಾ’ ಜಾಲತಾಣದಲ್ಲಿ ನೋಂದಣಿ. ಇದಕ್ಕೆ ಹಣ ಕೊಡಬೇಕಿಲ್ಲ.

3. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಸೆಸ್ಕ್ ಮತ್ತು ಕೆಪಿಟಿಸಿಎಲ್‌ಗಳ ಪ್ರಕಟಣೆಗಳ ಮೇಲೆ ಕಣ್ಣಿಡುವುದು.

4. ಆಯ್ಕೆಯಾದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಲಿಖಿತ ಒಪ್ಪಂದ. ಐಟಿಐ ಪಾಸಾದವರಿಗೆ 2019ರ ನಿಯಮದಂತೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಶಿಷ್ಯವೇತನ. ಅಪಾಯಕಾರಿ ಉದ್ಯಮಗಳಿಗೆ 18 ವರ್ಷ ತುಂಬಿರಬೇಕು.

5. ಕೊನೆಗೆ ಪರೀಕ್ಷೆ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ.

ಇಲ್ಲಿಗೆ ನಿಲ್ಲಿಸಿದ್ದರೆ ಅರ್ಧಸತ್ಯ ಹೇಳಿದಂತಾಗುತ್ತಿತ್ತು. ಅಪ್ರೆಂಟಿಸ್‌ಶಿಪ್ ಕಲಿಕೆ; ಕಾಯಂ ನೌಕರಿಯ ಭರವಸೆಯಲ್ಲ. ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಬೇರೆಯೇ ನೇಮಕಾತಿ ನಡೆಯುತ್ತದೆ. ಅದರಲ್ಲಿ ಕಂಬ ಹತ್ತುವ ಪರೀಕ್ಷೆಯೂ ಇರುತ್ತದೆ. ಇದನ್ನೂ ಹಲಗೆಯ ಮೇಲೆ ಬರೆದೆ.

ಮೌಲ್ಯಮಾಪನ

ಮಕ್ಕಳು ಮೆಟ್ಟಿಲುಗಳನ್ನು ಪುಸ್ತಕ ನೋಡದೆ ಕ್ರಮವಾಗಿ ಬರೆದರು. ಹಲವರು ಒಪ್ಪಂದಕ್ಕೂ ನೇಮಕಾತಿಗೂ ಇರುವ ವ್ಯತ್ಯಾಸದಲ್ಲಿ ಎಡವಿದರು. ಆ ಭಾಗಕ್ಕೆ ಒಂದು ನಮೂನೆ ಒಪ್ಪಂದಪತ್ರ ತೋರಿಸಬೇಕಿತ್ತು. ಮುಂದಿನ ಸಲ ತರುತ್ತೇನೆ. ಹುಡುಗಿಯೊಬ್ಬಳು, “ನಾವೂ ಹಾಕಬಹುದಾ ಸರ್?” ಎಂದಳು. ಹಾಕಬಹುದು ಎಂದೆ. ಅದನ್ನು ಅವಳು ಕೇಳುವ ಮೊದಲೇ ನಾನು ಹೇಳಬೇಕಿತ್ತು.

ಮನನ

ಗಂಟೆ ಹೊಡೆದ ಮೇಲೆ ಆ ಹುಡುಗ ಬಾಗಿಲ ಬಳಿ ನಿಂತಿದ್ದ. “ಸರ್, ಸೇರಸ್ತೀನಿ ಅಂತ ಒಬ್ಬಾಂವ ಅಣ್ಣನ ಕಡೆ ಹತ್ತು ಸಾವಿರ ಕೇಳ್ಯಾನ್ರೀ. ನಾಳೆ ಕೊಡೂದಿತ್ತು. ಕೊಡೂದ ಬ್ಯಾಡ ಹೌದಲ್ರೀ?”

ಬೇಡ ಎಂದೆ. ಎರಡನೇ ಮೆಟ್ಟಿಲನ್ನು ಅವನ ಪುಸ್ತಕದಲ್ಲಿ ಮತ್ತೊಮ್ಮೆ ದೊಡ್ಡದಾಗಿ ಬರೆದುಕೊಟ್ಟೆ.

ಮೊದಲ ದಿನ ಅವನು ಕೇಳಿದ್ದು ವೃತ್ತಿ ಮಾರ್ಗದರ್ಶನದ ಪ್ರಶ್ನೆ, ಪಾಠಕ್ಕೆ ಹೊರಗಿನದು ಎಂದುಕೊಂಡಿದ್ದೆ. ಅವನ ಮನೆಯಲ್ಲಿ ಅದು ಹತ್ತು ಸಾವಿರ ರೂಪಾಯಿಯ ಪ್ರಶ್ನೆಯಾಗಿತ್ತು. ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ಸಲಹೆ: ಉತ್ತರ ಗೊತ್ತಿಲ್ಲದಿದ್ದರೆ “ನಾಳೆ ತಿಳಿದು ಬಂದು ಹೇಳುತ್ತೇನೆ” ಎನ್ನಿ. ಮರುದಿನ ಮರೆಯದೆ ಹೇಳಿ.