ಭೂಪ್ರದಕ್ಷಿಣೆಯೂ ಅದರ ಟಿಕೆಟ್ಟೂ

‘ದಕ್ಷಿಣ’ ಎಂದರೆ ಬಲಗಡೆ. ಪೂಜ್ಯವಾದ ವಸ್ತುವನ್ನು ಬಲಗಡೆಗೆ ಇಟ್ಟುಕೊಂಡು ಸುತ್ತಿ ಬರುವುದು ಪ್ರದಕ್ಷಿಣೆ. ಎಡಗಡೆಗೆ ಇಟ್ಟುಕೊಂಡು ಸುತ್ತಿದರೆ ಅದು ಅಪ್ರದಕ್ಷಿಣೆ. ಗುಡಿಯನ್ನೋ ಅಶ್ವತ್ಥವೃಕ್ಷವನ್ನೋ ಸುತ್ತುವವನಿಗೆ ಇದರಲ್ಲಿ ಸಂದೇಹ ಬಾರದು. ಭೂಮಿಯನ್ನೇ ಸುತ್ತಹೊರಟವನಿಗೆ ಮಾತ್ರ ತೊಡಕು ಉಂಟಾಗುತ್ತದೆ. ಏಕೆಂದರೆ ಸುತ್ತತಕ್ಕ ವಸ್ತುವು ಅವನ ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ಪಾದಗಳ ಕೆಳಗೆ ಇದೆ. ಪುರಾಣಗಳಲ್ಲಿ ಇದಕ್ಕೊಂದು ಪರಿಹಾರ ದೊರೆಯುತ್ತದೆ. ಸೂರ್ಯನು ಉತ್ತರದ ಮೇರುಪರ್ವತವನ್ನು ಪ್ರದಕ್ಷಿಣೆ ಮಾಡುತ್ತಾನೆಂದು ಅವು ಹೇಳುತ್ತವೆ. ಪಡುವಣಕ್ಕೆ ಮುಖಮಾಡಿ ನಡೆಯುವವನ ಬಲಗೈ ಉತ್ತರಕ್ಕಿರುತ್ತದೆ. ಆದುದರಿಂದ ಪಡುವಣ ದಿಕ್ಕಿಗೆ ಹೊರಟು ಮೂಡಣ ದಿಕ್ಕಿನಿಂದ ಮನೆ ಸೇರುವುದೇ ಶಬ್ದಾರ್ಥಕ್ಕೆ ಒಪ್ಪುವ ಭೂಪ್ರದಕ್ಷಿಣೆ. ವಿಮಾನದ ಟಿಕೆಟ್ಟು ಕೊಳ್ಳುವವನಿಗೆ ಈ ವ್ಯಾಕರಣವೇಕೆ ಎಂದು ವಾಚಕರು ಕೇಳಬಹುದು. ಆದರೆ ದಿಕ್ಕಿನ ಪ್ರಶ್ನೆಯನ್ನು ಮೊದಲು ಬಿಡಿಸಿಕೊಳ್ಳದೆ ಆ ಟಿಕೆಟ್ಟನ್ನು ಕೊಂಡವರು ಪೇಚಿಗೆ ಸಿಕ್ಕುವುದುಂಟು.

ಈ ವಿಚಾರವು ಇಂದು ಹೊಸಪೇಟೆ, ಕಂಪ್ಲಿ, ಸಂಡೂರುಗಳ ಮನೆಗಳಿಗೆ ದೂರದ ಮಾತಾಗಿ ಉಳಿದಿಲ್ಲ. ಹಿಂದೆ ಮಗನು ಬೆಂಗಳೂರಿನಲ್ಲಿದ್ದಾನೆಂದರೆ ಅದೇ ಪರಸ್ಥಳ. ಈಗ ಮಗನು ಕ್ಯಾಲಿಫೋರ್ನಿಯಾದಲ್ಲಿ, ಮಗಳು ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಇರುವ ಸಂಸಾರಗಳು ಅಪರೂಪವಲ್ಲ. ಅಂಥ ಮನೆಯ ನಿವೃತ್ತ ಉಪಾಧ್ಯಾಯ ದಂಪತಿಗಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವರಿಗೆ ನಿವೃತ್ತಿಯ ಹಣ ಬಂದಿದೆ. ಮಂಡಿಯಲ್ಲಿ ಇನ್ನೂ ಐದಾರು ವರ್ಷಗಳ ಬಲವಿದೆ. ಇಬ್ಬರು ಮಕ್ಕಳ ಮನೆಯನ್ನೂ ಒಮ್ಮೆ ಕಣ್ಣಾರೆ ಕಾಣಬೇಕು. ಎರಡು ಬಾರಿ ಹೋಗಿ ಬರುವಷ್ಟು ಶಕ್ತಿಯೂ ಇಲ್ಲ, ಹಣವೂ ಇಲ್ಲ. ಒಂದೇ ಟಿಕೆಟ್ಟಿನಲ್ಲಿ ಲೋಕವನ್ನು ಸುತ್ತಿ ಬರುವ ಏರ್ಪಾಡು ಇದೆಯೆಂದು ಮಕ್ಕಳು ಬರೆಯುತ್ತಾರೆ. ಏರ್ಪಾಡು ಇರುವುದು ನಿಜ. ಅದರ ಸ್ವರೂಪವನ್ನು ತಿಳಿಯಲು ಮೊದಲು ಹಳೆಯ ಯಾತ್ರಿಕರ ಕಡೆಗೆ ನೋಡುವುದು ಉಪಯುಕ್ತ. ಏಕೆಂದರೆ ದೂರಪ್ರಯಾಣದ ಕಟ್ಟಳೆಗಳನ್ನು ಅನುಭವಿಸಿ ತಿಳಿದವರು ಈ ನೆಲಕ್ಕೆ ಆರು ಶತಮಾನಗಳ ಹಿಂದೆಯೇ ಬಂದಿದ್ದರು.

ತೈಮೂರನ ಮಗ ಷಾರುಖನ ರಾಯಭಾರಿ ಅಬ್ದುರ್ ರಜಾಕನು 1442ರ ಜನವರಿಯಲ್ಲಿ ಹೆರಾತಿನಿಂದ ಹೊರಟನು. ಹೋರ್ಮುಜ್ ಬಂದರಿನಲ್ಲಿ ಹಡಗು ಹೊರಡುವುದು ತಡವಾಯಿತು. ಅಷ್ಟರಲ್ಲಿ ಸಮುದ್ರಯಾನಕ್ಕೆ ಯೋಗ್ಯವಾದ ಋತುವು ಕಳೆದುಹೋಯಿತು. ಅವನು ಅರಬ್ಬೀ ತೀರದ ಉರಿಬಿಸಿಲಿನಲ್ಲಿ ತಿಂಗಳುಗಟ್ಟಲೆ ಕಾಯುತ್ತ ಕುಳಿತು, ಆ ವರ್ಷದ ಕೊನೆಗೆ ಕಲ್ಲಿಕೋಟೆಯನ್ನು ಮುಟ್ಟಿ, ಮಂಗಳೂರಿನ ಮಾರ್ಗವಾಗಿ ಘಟ್ಟವನ್ನೇರಿ, 1443ರ ಏಪ್ರಿಲ್ ಕೊನೆಯಲ್ಲಿ ಇಮ್ಮಡಿ ದೇವರಾಯನ ವಿಜಯನಗರವನ್ನು ಸೇರಿದನು. ಅಲ್ಲಿಯ ಮಹಾನವಮಿಯ ವೈಭವವನ್ನು ಅವನು ವರ್ಣಿಸಿರುವುದು ಇತಿಹಾಸದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ವಿಷಯ. ಇಲ್ಲಿ ಗಮನಿಸತಕ್ಕದ್ದು ಬೇರೆ. ಹಣ, ಅಧಿಕಾರ, ಅರಸನ ಮುದ್ರೆ ಎಲ್ಲವೂ ಇದ್ದ ರಾಯಭಾರಿಯನ್ನು ಕಟ್ಟಿಹಾಕಿದ್ದು ಮಾರುತದ ಪಂಚಾಂಗ. ದಾರಿಯನ್ನು ಮನುಷ್ಯನು ಆರಿಸಬಹುದಾಗಿತ್ತು, ತಿಂಗಳನ್ನು ಆರಿಸುವಂತಿರಲಿಲ್ಲ.

ವಿಜಯನಗರದ ವೃತ್ತಾಂತವನ್ನು ಬರೆದಿಟ್ಟ ಪೋರ್ಚುಗೀಸರಲ್ಲಿ ದುವಾರ್ತೆ ಬಾರ್ಬೋಸಾ ಒಬ್ಬನು. ಇದೇ ಹೆಸರಿನವನೊಬ್ಬನು ಮೆಗಲನನ ನೌಕಾದಳದಲ್ಲಿಯೂ ಇದ್ದನು. ಮೆಗಲನನು 1521ರ ಏಪ್ರಿಲ್ 27ರಂದು ಮಡಿದ ಬಳಿಕ ನಾಯಕನಾಗಿ ಆಯ್ಕೆಗೊಂಡು, ಕೆಲವೇ ದಿನಗಳಲ್ಲಿ ಸೆಬು ದ್ವೀಪದ ಔತಣದಲ್ಲಿ ಕೊಲೆಗೀಡಾದನು. ಇಬ್ಬರೂ ಒಬ್ಬನೇ ಎಂಬ ಅಭಿಪ್ರಾಯವು ಬಹುಕಾಲ ಪ್ರಚಾರದಲ್ಲಿತ್ತು. ಹಾಗಿದ್ದರೆ ವಿಜಯನಗರವನ್ನು ಬಣ್ಣಿಸಿದ ಲೇಖನಿಯೇ ಮೊದಲ ಭೂಪರ್ಯಟನದಲ್ಲಿಯೂ ಪಾಲುಗೊಂಡಿತ್ತೆಂದು ಹಂಪಿಯವರು ಹೆಮ್ಮೆಪಡಬಹುದಾಗಿತ್ತು. ಆದರೆ ಗ್ರಂಥಕರ್ತನು ಕಣ್ಣೂರಿನ ಪೋರ್ಚುಗೀಸ್ ಕೋಠಿಯ ಬರಹಗಾರ, ಅವನೇ ಬೇರೆ ಎಂಬುದು ಇಂದಿನ ಬಹುಮಂದಿ ವಿದ್ವಾಂಸರ ಮತ, ಸ್ವೀಕಾರಾರ್ಹವಾದುದೂ ಅದೇ. ಹೆಮ್ಮೆಗಾಗಿ ಇತಿಹಾಸವನ್ನು ಎಳೆದಾಡಬಾರದು. ಆ ನೌಕಾದಳದಲ್ಲಿ ಉಳಿದ ‘ವಿಕ್ಟೋರಿಯಾ’ ಎಂಬ ಒಂದೇ ಹಡಗು ಪಡುವಣಕ್ಕೆ ಸಾಗುತ್ತ ಸಾಗುತ್ತ 1522ರ ಸೆಪ್ಟೆಂಬರಿನಲ್ಲಿ ಸ್ಪೇನನ್ನು ಮರಳಿ ಸೇರಿತು. ಅದಕ್ಕೆ ಮೊದಲು, ಜುಲೈ ತಿಂಗಳಲ್ಲಿ ಕೇಪ್ ವರ್ಡ್ ದ್ವೀಪವನ್ನು ಮುಟ್ಟಿದಾಗ ಒಂದು ವಿಸ್ಮಯ ಕಾದಿತ್ತು. ದಿನಚರಿಯನ್ನು ತಪ್ಪದೆ ಬರೆಯುತ್ತ ಬಂದಿದ್ದ ಪಿಗಾಫೆಟ್ಟಾನ ಲೆಕ್ಕದಲ್ಲಿ ಆ ದಿನ ಬುಧವಾರ. ತೀರದವರ ಲೆಕ್ಕದಲ್ಲಿ ಗುರುವಾರ. ಸೂರ್ಯನ ಹಿಂದೆಯೇ ಸಾಗಿದ್ದರಿಂದ ಅವರ ಒಂದೊಂದು ಹಗಲೂ ತುಸು ತುಸುವೇ ಬೆಳೆದು, ಲೆಕ್ಕದಲ್ಲಿ ಒಂದು ದಿನವೇ ಕರಗಿಹೋಗಿತ್ತು.

ಇವರಾದರೂ ಅರಸರ ಹಡಗುಗಳಲ್ಲಿ ಹೋದವರು. ತನ್ನ ಕೈಯ ಹಣ ಕೊಟ್ಟು, ಪರರ ಹಡಗುಗಳಲ್ಲಿ ಜಾಗ ಪಡೆದು, ಕೇವಲ ಲೋಕವನ್ನು ನೋಡುವುದಕ್ಕಾಗಿ ಭೂಮಿಯನ್ನು ಸುತ್ತಿದ ಮೊದಲಿಗರಲ್ಲಿ ಒಬ್ಬನೆಂದು ಜೆಮೆಲ್ಲಿ ಕರೇರಿಯನ್ನು ಹೇಳಬೇಕು. ಇಟಲಿಯ ಕಲಾಬ್ರಿಯಾ ಪ್ರಾಂತದ ಈ ನ್ಯಾಯವಾದಿ 1693ರಲ್ಲಿ ನೇಪಲ್ಸ್ ಬಿಟ್ಟನು. ಈಜಿಪ್ಟ್, ತುರ್ಕಿ, ಪರ್ಷಿಯಾಗಳನ್ನು ದಾಟಿ 1695ರ ಆರಂಭದಲ್ಲಿ ದಮನಿನಲ್ಲಿ ಇಳಿದು ಗೋವೆಗೆ ಬಂದನು. ಅಲ್ಲಿಂದ ನೆಲದ ದಾರಿ ಹಿಡಿದು, ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾತೀರದಲ್ಲಿರುವ ಗಲಗಲಿಗೆ ಹೋದನು. ಅಲ್ಲಿ ಆಗ ಔರಂಗಜೇಬನ ದಂಡು ಬೀಡುಬಿಟ್ಟಿತ್ತು. 1695ರ ಮಾರ್ಚಿಯಲ್ಲಿ ಕರೇರಿಗೆ ಬಾದಷಹನ ದರ್ಶನವೂ ಆಯಿತು. ತರುವಾಯ ಗೋವೆಗೆ ಮರಳಿ, ಮಲಾಕಾ, ಮಕಾವು, ಪೀಕಿಂಗ್‌ಗಳನ್ನು ನೋಡಿ, ಮನಿಲಾದಿಂದ ಸ್ಪೇನಿನವರ ಹಡಗನ್ನೇರಿ ಶಾಂತಸಾಗರವನ್ನು ದಾಟಿದನು. ಆ ಒಂದು ದಾಟಿಗೇ 200ಕ್ಕೂ ಮಿಕ್ಕಿ ದಿನಗಳು ಹಿಡಿದವು. ಮೆಕ್ಸಿಕೋ, ಹವಾನಾಗಳ ಮಾರ್ಗವಾಗಿ 1698ರಲ್ಲಿ ಊರು ಸೇರಿ, ‘ಜೀರೋ ದೆಲ್ ಮೊಂದೋ’, ಅಂದರೆ ‘ಭೂಮಂಡಲದ ಸುತ್ತು’, ಎಂಬ ಆರು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ದಾರಿಯ ಖರ್ಚಿಗೆ ಅವನು ಕಂಡುಕೊಂಡ ಉಪಾಯವು ಸ್ವಾರಸ್ಯಕರವಾದುದು. ಮುಂದಿನ ಊರಿನಲ್ಲಿ ಯಾವ ಸರಕಿಗೆ ಬೆಲೆಯಿದೆಯೋ ಅದನ್ನು ಈ ಊರಿನಲ್ಲಿ ಕೊಂಡೊಯ್ದು ಅಲ್ಲಿ ಮಾರುತ್ತಿದ್ದನು. ಆದುದರಿಂದ ಊರುಗಳ ಅನುಕ್ರಮವೇ ಅವನ ಬಂಡವಾಳವಾಗಿತ್ತು. ಅನುಕ್ರಮ ತಪ್ಪಿದರೆ ಚೀಲ ಬರಿದು. ಅವನು ಸುತ್ತಿದ ದಿಕ್ಕು ಅಪ್ರದಕ್ಷಿಣವೆಂಬುದನ್ನು ವೈಯಾಕರಣರು ಕ್ಷಮಿಸಬೇಕು.

ಮಾರುತ, ದಿಕ್ಕು, ಅನುಕ್ರಮ ಎಂಬ ಈ ಮೂರರ ಆಳಿಕೆಯು ವಿಮಾನಯುಗದಲ್ಲಿ ಅಳಿದುಹೋಗಲಿಲ್ಲ, ಟಿಕೆಟ್ಟಿನ ನಿಬಂಧನೆಗಳ ರೂಪವನ್ನು ತಾಳಿತು. 1947ರ ಜೂನ್‌ನಲ್ಲಿ ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯು ಲೋಕವನ್ನು ಸುತ್ತುವ ವಿಮಾನಸೇವೆಯನ್ನು ಆರಂಭಿಸಿತು. ಆ ಸಂಸ್ಥೆ 1991ರಲ್ಲಿ ಮುಚ್ಚಿಹೋಯಿತು. ಒಂದೇ ಸಂಸ್ಥೆಗೆ ಭಾರವಾದ ಕಾರ್ಯವನ್ನು ಹಲವು ಸಂಸ್ಥೆಗಳು ಕೂಡಿ ಮಾಡಬಹುದೆಂಬುದು ಒಕ್ಕೂಟಗಳ ತತ್ತ್ವ. 1997ರಲ್ಲಿ ಸ್ಟಾರ್ ಅಲಯನ್ಸ್, 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಹುಟ್ಟಿದವು. ಬೆಂಗಳೂರಿನ ಕಿಂಗ್‌ಫಿಷರ್ ಸಂಸ್ಥೆಯು 2012ರ ಫೆಬ್ರವರಿಯಲ್ಲಿ ಒನ್‌ವರ್ಲ್ಡ್ ಸೇರುವುದೆಂದು ನಿಶ್ಚಯವಾಗಿ, ಹಣದ ಮುಗ್ಗಟ್ಟಿನಿಂದ ಕೊನೆಯ ಗಳಿಗೆಯಲ್ಲಿ ತಪ್ಪಿತು. ಆ ವರ್ಷವೇ ಅದರ ಹಾರಾಟವೂ ನಿಂತಿತು. ಏರ್ ಇಂಡಿಯಾ 2014ರ ಜುಲೈ 11ರಂದು ಸ್ಟಾರ್ ಅಲಯನ್ಸ್ ಸೇರಿತು. ಇಂಡಿಗೋ, ಎಮಿರೇಟ್ಸ್ ಮೊದಲಾದವು ಈ ಮೂರರಲ್ಲಿ ಯಾವುದರ ಸದಸ್ಯರೂ ಅಲ್ಲ. ಅವುಗಳ ವಿಮಾನವನ್ನು ಈ ಟಿಕೆಟ್ಟಿನಲ್ಲಿ ಹತ್ತಲಾಗದು.

ಟಿಕೆಟ್ಟಿನ ಕಟ್ಟಳೆಗಳ ತಿರುಳು ಹೀಗಿದೆ. ಪ್ರಯಾಣವು ಯಾವ ದೇಶದಲ್ಲಿ ಆರಂಭವಾಯಿತೋ ಅದೇ ದೇಶದಲ್ಲಿ ಮುಗಿಯಬೇಕು. ಮೂಡಣಕ್ಕಾಗಲಿ ಪಡುವಣಕ್ಕಾಗಲಿ ಒಂದೇ ದಿಕ್ಕಿನಲ್ಲಿ ಸಾಗಬೇಕು. ಅಟ್ಲಾಂಟಿಕ್ ಮತ್ತು ಶಾಂತಸಾಗರಗಳನ್ನು ಒಂದೊಂದು ಸಲ ಮಾತ್ರ ದಾಟಬೇಕು. ಹೊರಟ ದಿನದಿಂದ ಒಂದು ವರ್ಷದೊಳಗೆ ಸುತ್ತು ಪೂರ್ಣವಾಗಬೇಕು. ಸ್ಟಾರ್ ಅಲಯನ್ಸ್ ಮೈಲಿಗಳನ್ನು ಎಣಿಸುತ್ತದೆ. 29,000, 34,000, 39,000 ಎಂಬ ಮೆಟ್ಟಿಲುಗಳಿದ್ದು ತಂಗುದಾಣಗಳು 15ನ್ನು ಮೀರುವಂತಿಲ್ಲ. ಒನ್‌ವರ್ಲ್ಡಿನ ಮುಖ್ಯ ಟಿಕೆಟ್ಟು ಮುಟ್ಟುವ ಖಂಡಗಳನ್ನು ಎಣಿಸುತ್ತದೆ. ಅಲ್ಲಿ ಹಾರಾಟಗಳ ಮಿತಿ 16. ನಡುವೆ ಒಂದಷ್ಟು ದೂರವನ್ನು ರೈಲಿನಲ್ಲೋ ಕಾರಿನಲ್ಲೋ ಕ್ರಮಿಸಿದರೂ ಅದು ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ. ದಿನಾಂಕ ಬದಲಿಸುವುದು ಸಾಮಾನ್ಯವಾಗಿ ಸುಲಭ. ಊರು ಬದಲಿಸಿದರೆ ಹಣ ತೆರಬೇಕು. ತಿಳಿಸದೆ ಒಂದು ವಿಮಾನವನ್ನು ಬಿಟ್ಟರೆ ಮುಂದಿನದೆಲ್ಲ ರದ್ದಾಗುವ ಅಪಾಯವುಂಟು. ಕಟ್ಟಳೆಗಳನ್ನು ಒಕ್ಕೂಟಗಳು ಆಗಾಗ ತಿದ್ದುವುದರಿಂದ ಕೊಳ್ಳುವ ದಿನ ಮತ್ತೊಮ್ಮೆ ಓದಿಸಿ ಕೇಳುವುದು ವಿಹಿತ.

ಇನ್ನು ನಮ್ಮ ಉಪಾಧ್ಯಾಯ ದಂಪತಿಗಳ ಸುತ್ತನ್ನು ಎಳೆದು ನೋಡಬಹುದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ನ್ಯೂಯಾರ್ಕ್, ಸ್ಯಾನ್‌ಫ್ರಾನ್ಸಿಸ್ಕೋ, ಮೆಲ್ಬರ್ನ್, ಸಿಂಗಪುರ, ಮರಳಿ ಬೆಂಗಳೂರು. ಈ ದಾರಿಯ ಒಟ್ಟು ಉದ್ದ ಸುಮಾರು 24,600 ಮೈಲಿ. ಭೂಮಧ್ಯರೇಖೆಯ ಸುತ್ತಳತೆಗಿಂತ ಮುನ್ನೂರು ಮೈಲಿ ಮಾತ್ರ ಕಡಿಮೆ. 29,000ದ ಮೆಟ್ಟಿಲಿನೊಳಗೆ ಅದು ಆರಾಮವಾಗಿ ಹಿಡಿಯುತ್ತದೆ. ಉಳಿದ ನಾಲ್ಕು ಸಾವಿರ ಚಿಲ್ಲರೆ ಮೈಲಿಗಳನ್ನು ವ್ಯರ್ಥಮಾಡಬಾರದೆಂದು ಇನ್ನೂ ಐದು ಊರು ತುರುಕುವ ಆಸೆ ಇಲ್ಲಿಯೇ ತಲೆಯೆತ್ತುತ್ತದೆ. ಅರವತ್ತು ದಾಟಿದವರು ಆ ಆಸೆಯನ್ನು ಅದುಮಿಡುವುದೇ ಲೇಸು. ಔತಣದ ಎಲೆಯ ಮೇಲೆ ಬಡಿಸಿದ್ದನ್ನೆಲ್ಲ ಉಣ್ಣಬೇಕೆಂಬ ನಿಯಮ ಪ್ರಯಾಣಕ್ಕಿಲ್ಲ.

ಇದೇ ಊರುಗಳನ್ನು ಹಿಂದುಮುಂದಾಗಿಯೂ ಸುತ್ತಬಹುದಷ್ಟೆ? ಮಕ್ಕಳು ಬಹುಮಟ್ಟಿಗೆ ಹಾಗೆಯೇ ಸೂಚಿಸುತ್ತಾರೆ: ಮೊದಲು ಮಗಳ ಮನೆ, ಬಳಿಕ ಮಗನ ಮನೆ, ಕೊನೆಗೆ ಯುರೋಪನ್ನು ನೋಡಿ ಊರಿಗೆ. ನಕ್ಷೆಯ ಮೇಲೆ ಇದು ನಿರ್ದೋಷವಾಗಿ ತೋರುತ್ತದೆ. ತೊಡಕಿರುವುದು ವೀಸಾದಲ್ಲಿ. ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರವೇಶದ ದಿನಕ್ಕಿಂತ ಆರು ತಿಂಗಳಿಗೂ ಮೊದಲು ಅರ್ಜಿ ಹಾಕುವಂತಿಲ್ಲ. ಸಾಮಾನ್ಯವಾಗಿ ಅರ್ಜಿಯನ್ನು ತಾವು ನೆಲೆಸಿರುವ ದೇಶದಲ್ಲಿಯೇ ಸಲ್ಲಿಸಬೇಕು. ಹೊರಟು ಎಂಟು ತಿಂಗಳಾದ ಮೇಲೆ ಯುರೋಪನ್ನು ಸೇರುವವರು ಊರು ಬಿಡುವ ಮುನ್ನ ಆ ವೀಸಾ ಪಡೆಯಲಾರರು. ಅಮೆರಿಕದಲ್ಲಿ ಅತಿಥಿಗಳಾಗಿದ್ದುಕೊಂಡು ಅಲ್ಲಿ ಪಡೆಯುವುದೂ ಕಷ್ಟಸಾಧ್ಯ. ಫ್ರಾಂಕ್‌ಫರ್ಟಿನ ದ್ವಾರದಲ್ಲಿ ಸುತ್ತು ಮುರಿದುಬೀಳುತ್ತದೆ. ಅಬ್ದುರ್ ರಜಾಕನನ್ನು ಮಾರುತ ತಡೆದಂತೆ ಈ ಕಾಲದವರನ್ನು ಮುದ್ರೆ ತಡೆಯುತ್ತದೆ. ಪಡುವಣಕ್ಕೆ ಹೊರಟರೆ ಯುರೋಪು ಮೊದಲು ಬರುವುದರಿಂದ ಈ ಗಂಟು ತಾನಾಗಿ ಸಡಿಲುತ್ತದೆ.

ಋತುಗಳೂ ಆಗ ಅನುಕೂಲವಾಗಿ ಒದಗುತ್ತವೆ. ಹೊಸಪೇಟೆಯ ಬಂಡೆಗಳು ಕಾಯುವ ಮೇ ತಿಂಗಳಲ್ಲಿ ಊರು ಬಿಟ್ಟರೆ ಜರ್ಮನಿಯಲ್ಲಿ ವಸಂತ. ಹತ್ತು ದಿನ ಅಲ್ಲಿದ್ದು, ನ್ಯೂಯಾರ್ಕ್ ನೋಡಿ, ಮೇ ಕೊನೆಗೆ ಮಗನ ಮನೆ ಸೇರಬಹುದು. ಅಮೆರಿಕದಲ್ಲಿ ಪ್ರವಾಸಿಗರಿಗೆ ಸಾಮಾನ್ಯವಾಗಿ ಆರು ತಿಂಗಳ ಅವಧಿ ಕೊಡುತ್ತಾರೆ, ನಿರ್ಣಯ ಮಾತ್ರ ದ್ವಾರದ ಅಧಿಕಾರಿಯದು. ಅಕ್ಟೋಬರ್ ಕೊನೆಯಲ್ಲಿ ಹೊರಟರೆ ಐದು ತಿಂಗಳಾಗುತ್ತದೆ, ಚಳಿಯೂ ಕಾಡದು. ನವೆಂಬರಿನಲ್ಲಿ ಮೆಲ್ಬರ್ನಿಗೆ ಬೇಸಗೆ ಬರುವ ಸಮಯ. ಮಗಳ ಮನೆಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ, ಸಿಂಗಪುರದಲ್ಲಿ ಎರಡು ದಿನ ದಣಿವಾರಿಸಿಕೊಂಡು, ಜನವರಿ ಮುಗಿಯುವುದರೊಳಗೆ ಬೆಂಗಳೂರು. ಒಂಬತ್ತು ತಿಂಗಳಲ್ಲಿ ಕಂಬಳಿ ಕೋಟಿನ ಹೊರೆ ಬಹಳವಾಗಿ ಬೇಕಾಗುವುದಿಲ್ಲ. ಪಡುವಣಕ್ಕೆ ಹೋಗುವವರಿಗೆ ದಿನವು ಉದ್ದವಾಗುತ್ತ ಹೋಗುವುದರಿಂದ ನಿದ್ರೆಯ ಏರುಪೇರೂ ಕಡಿಮೆಯೆಂದು ವೈದ್ಯರು ಹೇಳುತ್ತಾರೆ. ಪಾಸ್‌ಪೋರ್ಟಿಗೆ ಹೊರಡುವ ದಿನ ಒಂದೂವರೆ ವರ್ಷದ ಆಯುಸ್ಸು ಉಳಿದಿರಬೇಕು. ಎಪ್ಪತ್ತೈದು ತುಂಬಿದವರಿಗೆ ಆಸ್ಟ್ರೇಲಿಯಾ ವೈದ್ಯಪರೀಕ್ಷೆಯನ್ನು ವಿಧಿಸುತ್ತದೆ. ಆರೋಗ್ಯವಿಮೆ ಇಲ್ಲದೆ ಅಮೆರಿಕದಲ್ಲಿ ಕಾಲಿಡುವುದು ಅವಿವೇಕ. ನಿವೃತ್ತಿಯ ಹಣವೆಲ್ಲ ಒಂದು ಆಸ್ಪತ್ರೆಯ ಬಿಲ್ಲಿಗೆ ಸಾಲದೆ ಹೋಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಮರೆಮಾಚಬಾರದು. ಒಬ್ಬನೇ ಮಗನಿದ್ದು ಅವನು ಅಮೆರಿಕದಲ್ಲಿದ್ದರೆ ಈ ಟಿಕೆಟ್ಟು ಬೇಡ. ಸಾಮಾನ್ಯವಾದ ಹೋಗಿಬರುವ ಟಿಕೆಟ್ಟೇ ಅಗ್ಗ. ಎರಡು ಸಾಗರಗಳ ಆಚೆ ಎರಡು ಮನೆಗಳು ಕಾಯುತ್ತಿದ್ದಾಗ ಮಾತ್ರ ಸುತ್ತಿಗೆ ಅರ್ಥ ಬರುತ್ತದೆ. ಆಗಲೂ ಎರಡು ಬಿಡಿ ಪ್ರಯಾಣಗಳ ಬೆಲೆಯೊಂದಿಗೆ ಹೋಲಿಸಿ ನೋಡಬೇಕು. ಹೊಸಪೇಟೆಯಿಂದ ಬೆಂಗಳೂರಿನ ರಾತ್ರಿಯ ರೈಲಂತೂ ಯಾವ ಒಕ್ಕೂಟದ ಲೆಕ್ಕಕ್ಕೂ ಸೇರದು.

ಕೊನೆಯದಾಗಿ ಪಿಗಾಫೆಟ್ಟಾ ಕಳೆದುಕೊಂಡ ದಿನದ ವಿಚಾರ. ಇಂದು ಆ ದಿನವು ಶಾಂತಸಾಗರದ ನಡುವಿನ ದಿನರೇಖೆಯಲ್ಲಿ ಒಮ್ಮೆಲೇ ಕಳೆಯುತ್ತದೆ. ಸ್ಯಾನ್‌ಫ್ರಾನ್ಸಿಸ್ಕೋದಿಂದ ಮೆಲ್ಬರ್ನಿಗೆ ಹೋಗುವ ವಿಮಾನ ರಾತ್ರಿ ತಡವಾಗಿ ಹೊರಟು, ಸುಮಾರು ಹದಿನಾರು ಗಂಟೆ ಹಾರಿ, ಬೆಳಗ್ಗೆ ಇಳಿಯುತ್ತದೆ. ಭಾನುವಾರ ರಾತ್ರಿ ಹತ್ತಿದವರು ಇಳಿಯುವುದು ಮಂಗಳವಾರ ಬೆಳಗ್ಗೆ. ನಡುವಿನ ಸೋಮವಾರ ಅವರ ಪಾಲಿಗೆ ಬೆಳಗುವುದೇ ಇಲ್ಲ. ಸೋಮವಾರದ ನೇಮವನ್ನು ಹಿಡಿದಿರುವ ತಾಯಂದಿರು ಟಿಕೆಟ್ಟು ಮಾಡಿಸುವಾಗಲೇ ಗುಮಾಸ್ತನಿಗೆ ಹೇಳಿ, ಆ ವಿಮಾನವನ್ನು ಮಂಗಳವಾರ ರಾತ್ರಿಗೆ ಗೊತ್ತುಮಾಡಿಕೊಳ್ಳುವುದು ಮೇಲು. ಆಗ ತಪ್ಪಿಹೋಗುವುದು ಬುಧವಾರ.